ಬಿಪಿ, ಸಲೈನ್, ಸಿಪಿಆರ್ ಕಲಿಸೋದು: ಯಾವುದನ್ನ ಫೋನಿನ್ಯಾಗ ತಿದ್ದತೀನಿ, ಯಾವುದನ್ನ ಪಕ್ಕದಾಗ ನಿಂತು

ಬಾಗಲಕೋಟೆ ನವನಗರದಾಗ ನರ್ಸಿಂಗ್ ಸ್ಟೂಡೆಂಟ್ಸ್‌ಗೆ ಸ್ಕಿಲ್ ಲ್ಯಾಬೂ ವಾರ್ಡ್ ಪೋಸ್ಟಿಂಗೂ ಎರಡೂ ನಾನ ನೋಡ್ಕೋತೀನಿ. 2020ರ ಮಾರ್ಚ್‌ನ್ಯಾಗ ಲಾಕ್‌ಡೌನ್ ಆಗಿ ಎಲ್ಲಾರೂ ಹುನಗುಂದ, ಜಮಖಂಡಿ, ಬಾದಾಮಿ ಅಂತ ಊರೂರಿಗೆ ಹೋದಾಗ ವಿಡಿಯೋ ತರಿಸ್ಕೊಂಡು ತಿದ್ದೋದು ಶುರು ಮಾಡಿದ್ದು, ಕಾಲೇಜ್ ತಗದ ಮ್ಯಾಲೆ ನಮ್ಮ ಜೋಡಿ ಕೆಲಸ ಮಾಡೋರು ಬಾಳ ಮಂದಿ ಅದನ್ನ ಬಿಟ್ರು, ನಾ ಬಿಡ್ಲಿಲ್ಲ, ಈಗೂ ಮಾಡ್ತೀನಿ. ಆದ್ರ ಎಲ್ಲಾ ಸ್ಕಿಲ್‌ಗೂ ಅಲ್ಲ. ಕಣ್ಣಿಗೆ ಕಾಣೋದನ್ನ ಫೋನಿನ್ಯಾಗ ತಿದ್ದತೀನಿ, ಬೆರಳಿಗೆ ಕಿವಿಗೆ ಗೊತ್ತಾಗಬೇಕಾದ್ದಕ್ಕ ಪಕ್ಕದಾಗ ನಿಂದರತೀನಿ.

ಬಿಪಿ ತಗೋಳ್ರಿ. ಅಂಗಿ ತೋಳಿನ ಮ್ಯಾಲೆ ಕಫ್ (ಗಾಳಿ ತುಂಬೋ ಪಟ್ಟಿ) ಸುತ್ತೋದು, ಪೇಶೆಂಟ್ ಕೈಗೆ ಆಸರ ಕೊಡದ ಜೋತುಬಿಡೋದು, ಕಫ್ ಹಾರ್ಟ್ ಲೆವೆಲ್‌ಗಿಂತ ಕೆಳಗಿರೋದು, ನೋಡ್ಕೋತನ ಮಾತಾಡೋದು, ಇವೆಲ್ಲಾ ವಿಡಿಯೋದಾಗ ಸ್ವಚ್ಛ ಕಾಣ್ತಾವು. ಬಾಯಿಲೆ ಹೇಳಿದ್ರ "ಇಲ್ರೀ ಮೇಡಂ, ಸರಿ ಹಿಡದಿದ್ನಿರಿ" ಅಂತಾರ, ಪಾಪ ಸುಳ್ಳೇನು ಹೇಳಂಗಿಲ್ಲ, ಆ ಟೈಮ್‌ನ್ಯಾಗ ಲಕ್ಷ್ಯ ಎಲ್ಲಾ ಗೇಜಿನ ಮುಳ್ಳಿನ ಮ್ಯಾಲ ಇರತೈತಿ. ತಾನ ಮಾಡಿದ್ದು ತಾನ ನೋಡಿದಾಗ ನಾ ಹೇಳೋದ ಬೇಕಾಗಂಗಿಲ್ಲ. ಅದಕ್ಕ ನನ್ನ ರೂಲ್ ಏನಂದ್ರ ವಿಡಿಯೋ ಕಳಸೋ ಮುಂಚೆ ತಾವು ಒಮ್ಮೆ ನೋಡಿ ಏನು ಛಲೋ ಆತು, ಮುಂದಿನ ಸಲ ಏನು ಬ್ಯಾರೆ ಮಾಡ್ತೀನಿ ಅಂತ ವಾಯ್ಸ್ ಮೆಸೇಜ್‌ನ್ಯಾಗ ಹೇಳಬೇಕು, ಆಮ್ಯಾಲೆ ನಂದು. ಇದು ನಾ ಹುಟ್ಟಿಸಿದ್ದಲ್ಲ, 1984ರಾಗ ಪೆಂಡಲ್ಟನ್ ಮತ್ತ ಅವರ ಜೋಡಿಯವರು ಡಾಕ್ಟರ್‌ಗಳ ಟ್ರೇನಿಂಗ್ ಸಲುವಾಗಿ ಹೇಳಿದ್ದು ಹೆಚ್ಚುಕಡಿಮಿ ಇದನ್ನ, ಕಲಿಯಾಂವ ಮೊದಲು ಮಾತಾಡ್ಲಿ ಅಂತ. ಕ್ಲಾಸಿನ್ಯಾಗ ಎಲ್ಲಾರ ಮುಂದ ಕೇಳಿದ್ರ ಬಾಯಿ ಬಿಡದ ಹುಡುಗಿ ರಾತ್ರಿ ಮನ್ಯಾಗ ಕುಂತು ಎಷ್ಟು ನೇರ ಹೇಳತಾಳ ನೋಡ್ರಿ, ನನಗ ಅದ ದೊಡ್ಡ ಲಾಭ ಅನಸ್ತೈತಿ.

ಟೈಪ್ ಮಾಡಿ ಕಳಸೋದು ಮಾತ್ರ ನಾ ಪೂರ್ತಿ ಬಿಟ್ಟೀನಿ. "ಕಫ್ ಪೊಸಿಷನ್ ಸರಿ ಇಲ್ಲ" ಅಂತ ಬರದ್ರ ಅದು ಬೈದಂಗ ಓದಸ್ತೈತಿ. ಅದರ ಬದ್ಲಿ "ಒಂದು ನಿಮಿಷ ಹತ್ತು ಸೆಕೆಂಡ್‌ಗೆ ನಿಲ್ಸು, ನಿನ್ನ ಎಡಗೈ ನೋಡು" ಅಂತ ವಾಯ್ಸ್ ಹಾಕ್ತೀನಿ, ಕೇರಳದಿಂದ ಬಂದ ಮಕ್ಕಳಿಗೆ ಸಾವಕಾಶ ಮಾತಾಡ್ತೀನಿ, ಎರಡ ವಿಷಯ ಹೇಳ್ತೀನಿ, ಮೂರನೇದು ಇದ್ರೂ ಮುಂದಿನ ವಾರಕ್ಕ ಇಡ್ತೀನಿ. ವಿಡಿಯೋ ಮೂರು ನಿಮಿಷದೊಳಗ ಇರಬೇಕು, ಯಾಕಂದ್ರ ಕೆಲವು ಊರಾಗ ನೆಟ್‌ವರ್ಕ್ ಇರಂಗಿಲ್ಲ, ಕೆಲವರ ಮನ್ಯಾಗ ಅಣ್ಣಂದು ತಂಗೀದು ಕೂಡಿ ಒಂದ ಫೋನ್. ಲ್ಯಾಬಿನ್ಯಾಗ ಆದ್ರ ಫೋನ್ ಸಲೈನ್ ಸ್ಟ್ಯಾಂಡಿಗೆ ಕಟ್ರಿ ಅಂತೀನಿ, ಗೆಳತಿ ಹಿಡಕೊಂಡ್ರ ಕೈಗಿಂತ ಮುಖಾನ ಜಾಸ್ತಿ ಬರತೈತಿ.

ಈಗ ಫೋನಿಗೆ ಸಿಗದ್ದು. ಅದ ಬಿಪಿಯೊಳಗ, ಆಕಿಗೆ ಸ್ಟೆತಸ್ಕೋಪಿನ್ಯಾಗ ರಕ್ತ ಬಡಿಯೋ ಸೌಂಡ್ ಖರೇನ ಕೇಳಸ್ತೋ ಇಲ್ಲೋ ಯಾವ ಕ್ಯಾಮೆರಾನೂ ಹೇಳಂಗಿಲ್ಲ. ಮುಳ್ಳು ಸೆಕೆಂಡಿಗೆ 2ರಿಂದ 3 ಮಿಲಿಮೀಟರ್‌ನಂಗ ಇಳೀಬೇಕು, ಗಾಳಿ ಜೋರ್ ಬಿಟ್ರ ಮೊದಲನೇ ಸೌಂಡ್ ತಪ್ಪತೈತಿ, ತಪ್ಪಿದ್ ಮ್ಯಾಲೆ ಹುಡುಗ್ರು 120/80 ಅಂತ ಬರದುಬಿಡ್ತಾರ, ಚಾರ್ಟ್ ತುಂಬ ಸೊನ್ನಿಯಿಂದ ಮುಗಿಯೋ ನಂಬರ್ ಕಂಡ್ರ ನನಗ ಅನುಮಾನ ಬರತೈತಿ. ಇದಕ್ಕ ಟೀಚಿಂಗ್ ಸ್ಟೆತಸ್ಕೋಪ್ ಬೇಕು, ಒಂದ ಡಯಾಫ್ರಂ (ಮೈಗೆ ಹಚ್ಚೋ ಬಿಲ್ಲೆ), ಎರಡು ಜೋಡಿ ಇಯರ್‌ಪೀಸ್. ಇಬ್ಬರೂ ಕಿವಿಗೆ ಹಚ್ಕೊಂಡು ನಿಂದರತೀವಿ, ಸೌಂಡ್ ಶುರು ಆದಾಗ ನೀ ಬೆರಳು ಎತ್ತು ಅಂತೀನಿ. "ಮೇಡಂ, ನನಗ ಕೇಳಸಾಕತ್ತಿಲ್ರಿ" ಅಂತ ಆಕಿ ಹೇಳಾಕ ಧೈರ್ಯ ಬರೋದು ಆವಾಗ, ಯಾಕಂದ್ರ ನಾನೂ ಅಲ್ಲೇ ಕೇಳ್ಕೋತ ನಿಂತಿರ್ತೀನಿ. ಕೇಳಸಲಿಲ್ಲ ಅಂದ್ರ ಬ್ರೇಕಿಯಲ್ (ತೋಳಿನ ರಕ್ತನಾಳ) ಎಲ್ಲಿ ಬಡಿತೈತಿ ಅಂತ ಬೆರಳಿಟ್ಟು ಹುಡುಕಿಸಿ ಡಯಾಫ್ರಂ ಅಲ್ಲೇ ಇಡಸ್ತೀನಿ, ಅಷ್ಟು ಸಾಕಾಗತೈತಿ.

ಸಲೈನ್ ಹಚ್ಚಾಕ ರಕ್ತನಾಳಕ್ಕ ಹಾಕೋ ಸಣ್ಣ ಪ್ಲಾಸ್ಟಿಕ್ ನಳಿಗಿ, ಕ್ಯಾನುಲಾ, ಅದೂ ಹಂಗ. ಸೂಜಿ 10ರಿಂದ 30 ಡಿಗ್ರಿ ಒಳಗ ಐತಿಲ್ಲೋ ವಿಡಿಯೋದಾಗ ಕಾಣತೈತಿ, ಟೂರ್ನಿಕೆ (ಕೈಗೆ ಬಿಗಿಯೋ ಪಟ್ಟಿ) ಒಂದು ನಿಮಿಷಕ್ಕಿಂತ ಜಾಸ್ತಿ ಕಟ್ಟಿಟ್ರ ಅದೂ ಗೊತ್ತಾಗತೈತಿ. ಆದ್ರ ರಕ್ತನಾಳದೊಳಗ ಹೋದಾಗ ಕೈಗೆ ಸಣ್ಣಗೆ ಸಡಿಲ ಆದಂಗ ಆಗತೈತಲ್ಲ, ರಕ್ತ ಕಂಡ ಕೂಡ್ಲೆ ಕೈ ತಗ್ಗಿಸಿ ಒಂದೀಟ ಮುಂದ ಸರಿಸಿ ಆಮ್ಯಾಲೆ ಪ್ಲಾಸ್ಟಿಕ್ ಅಷ್ಟ ಒಳಗ ಜಾರಸಬೇಕಲ್ಲ, ಅದು ನನ್ನ ಕೈ ಅವರ ಕೈ ಮ್ಯಾಲೆ ಇದ್ದಾಗ ಅಷ್ಟ ಬರೋದು. ಸಿಪಿಆರ್‌ದಾಗ, ಅಂದ್ರ ಹಾರ್ಟ್ ನಿಂತೋರ ಎದಿ ಒತ್ತೋದ್ರಾಗ, ಮೊಣಕೈ ಮಡಚಿದ್ದು, ನಿಮಿಷಕ್ಕ 100ರಿಂದ 120 ಸ್ಪೀಡ್ ಐತಿಲ್ಲೋ, ಇವು ಫೋನಿನ್ಯಾಗ ಸಿಗ್ತಾವು. 5ರಿಂದ 6 ಸೆಂಟಿಮೀಟರ್ ಒಳಗ ಹೋಗಿ ಎದಿ ಪೂರ್ತಿ ಮ್ಯಾಲೆ ಬರಾಕ ಬಿಟ್ರೋ ಇಲ್ಲೋ ಅನ್ನೋದಕ್ಕ ಮ್ಯಾನಿಕಿನ್ (ಕಲಿಯಾಕ ಇಟ್ಟ ಗೊಂಬಿ) ಹತ್ರ ಮೊಣಕಾಲೂರಿ ಕುಂದ್ರಬೇಕು.

ವಾರ್ಡಿನ್ಯಾಗ ಇನ್ನೊಂದು ಐತಿ. ಪೇಶೆಂಟ್ ಮುಂದ ತಿದ್ದಿದ್ರ ಆ ಅಜ್ಜಗ ಅಂಜಿಕಿ ಆಗತೈತಿ, "ಈ ಪೋರಿ ಬ್ಯಾಡ, ನೀವ ಚುಚ್ರಿ ಅಕ್ಕಾರ" ಅಂತಾನ, ಆ ಪೋರಿ ಮುಂದ ಒಂದು ವಾರ ಯಾರ ಕೈಯೂ ಹಿಡಿಯಂಗಿಲ್ಲ. ಅದಕ್ಕ ಬೆಡ್ ಹತ್ರ ಸೇಫ್ಟಿ ವಿಷಯ ಅಷ್ಟ ಮಾತಾಡ್ತೀನಿ. ಕೈ ತೊಳೀದ ಮುಟ್ಟಾಕ ಹೊಂಟ್ರ, ಔಷಧ ಹೆಸರು ನೋಡದ ಎಳದ್ರ, ಚುಚ್ಚಿದ ಸೂಜಿಗೆ ಮತ್ತ ಕ್ಯಾಪ್ ಹಾಕಾಕ ಹೋದ್ರ "ನಿಂದ್ರವ್ವ" ಅಂತ ಅಲ್ಲೇ ನಿಲ್ಲಸ್ತೀನಿ, ಇದು ಸಂಜಿಕ್ಕ ಫೋನಿನ್ಯಾಗ ಹೇಳೋ ಮಾತಲ್ಲ. ಉಳದದ್ದು ಪೇಶೆಂಟ್ ಜೋಡಿ ಹೆಂಗ ಮಾತಾಡಿದ್ಲು, ಟ್ರೇ ಹೆಂಗ ಜೋಡಿಸಿದ್ಲು, ಅವೆಲ್ಲಾ ಒಬ್ಬಾಕಿಗಷ್ಟ ವಾಯ್ಸ್, ಅದೂ ಅವತ್ತ ಸಂಜಿಕ್ಕ, ಎರಡು ದಿನ ಬಿಟ್ರ ಆಕಿಗೂ ನೆನಪಿರಂಗಿಲ್ಲ ನನಗೂ ಇರಂಗಿಲ್ಲ.

ಮಾರ್ಕ್ಸ್ ಇದರಾಗ ತರಬಾರ್ದು ಅಂತ ಬಾಳ ಗಟ್ಟಿಯಾಗಿ ಹೇಳ್ತೀನಿ. 1983ರಾಗ ಜ್ಯಾಕ್ ಎಂಡೆ ಅನ್ನೋ ಅಮೆರಿಕಾ ಡಾಕ್ಟರ್ ಬರದಿದ್ರು, ಫೀಡ್‌ಬ್ಯಾಕ್ ಅಂದ್ರ ಮಾಹಿತಿ, ಮೌಲ್ಯಮಾಪನ ಅಂದ್ರ ತೀರ್ಪು, ಎರಡು ಬ್ಯಾರೆ ಅಂತ. ನಮ್ಮ ಮಕ್ಕಳಿಗೆ ಮೇಡಂ ಫೋನ್ ಬಂತಂದ್ರ ಇಂಟರ್ನಲ್ಸ್ ನೆನಪಾಗತೈತಿ, ಆ ಅಂಜಿಕಿ ಇದ್ರ ಅವರು ಹತ್ತು ಸಲ ತಗದು ಛಲೋದಷ್ಟ ಆರಿಸಿ ಕಳಸ್ತಾರ, ನನಗ ಬೇಕಾಗಿದ್ದು ಮೊದಲನೇದು. ಮಾರ್ಕ್ಸ್ ಹಾಕೋದು ಓಸ್ಕಿ (OSCE, ಸ್ಕಿಲ್ ಮಾಡಿ ತೋರಿಸೋ ಪರೀಕ್ಷೆ) ದಿನ, ಎದುರಿಗೆ ನಿಂತು.

ವಿಡಿಯೋ ಮ್ಯಾನಿಕಿನ್ ಮ್ಯಾಲೆ ಇಲ್ಲಾ ಒಪ್ಪಿದ ಕ್ಲಾಸ್‌ಮೇಟ್ ಮ್ಯಾಲೆ ಅಷ್ಟ. ಪೇಶೆಂಟ್ ಕೈನೂ ಬರಬಾರ್ದು, ಮಗ್ಗಲ ಬೆಡ್ಡೂ ಬರಬಾರ್ದು, ಕೇಸ್‌ಶೀಟೂ ಬರಬಾರ್ದು. ಗ್ರೂಪಿಗೆ ಹಾಕಂಗಿಲ್ಲ, ನನಗೊಬ್ಬಾಕಿಗೆ ಕಳಸೋದು, ಸೆಮಿಸ್ಟರ್ ಮುಗದ್ ಮ್ಯಾಲೆ ಅವರ ಎದುರಿಗೇ ನನ್ನ ಫೋನಿನಿಂದ ಅಳಿಸಿಬಿಡ್ತೀನಿ.