ಹಲಸಿನ ಮಣೆಗೆ ನಾಲ್ಕು ತಂತಿ

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಮ್ಮದು ಒಂದು ಬೆಡ್‌ರೂಮಿನ ಮನೆ. ಗೋಡೆಯ ಆಚೆಗೇ ಪಕ್ಕದ ಮನೆಯವರ ಮಂಚ. ಅವರು ಕೆಮ್ಮಿದ್ದು ನಮಗೆ ಕೇಳಿಸುತ್ತದೆ, ನಮ್ಮ ಕುಕ್ಕರ್ ಕೂಗಿದ್ದು ಅವರಿಗೆ ಕೇಳಿಸುತ್ತದೆ. ಫೋರ್ಟಿನ ಆಫೀಸಿನಿಂದ ಲೋಕಲ್ ಹಿಡಿದು ಮನೆ ಸೇರುವಾಗ ರಾತ್ರಿ ಒಂಬತ್ತು. ಊಟ ಮುಗಿದು ಕೈ ಬಿಡುವಾಗುವುದು ಹತ್ತೂವರೆಗೆ. ಗಿಟಾರಿನ ತಮ್ಮನಂಥ, ನಾಲ್ಕು ತಂತಿಯ ಉಕುಲೆಲೆ ನುಡಿಸಬೇಕು ಅಂತ ನನಗೆ ಅನ್ನಿಸುವುದು ಆಗಲೇ. ನುಡಿಸಬಾರದ ಹೊತ್ತೂ ಅದೇ.

ಆ ವಾದ್ಯ ಮನೆಗೆ ಬಂದಿದ್ದು ಮಗಳಿಗಾಗಿ. ಶಾಲೆಯಲ್ಲಿ ಕಲಿಸುತ್ತಾರೆ ಅಂತ ಸೊಪ್ರಾನೊ ಎಂಬ ಪುಟ್ಟ ಅಳತೆಯದನ್ನು ಕೊಡಿಸಿದ್ದೆ. ಅವಳಿಗಿಂತ ಜಾಸ್ತಿ ನಾನೇ ಅದಕ್ಕೆ ಅಂಟಿಕೊಂಡೆ. ಪೆಟ್ಟಿಗೆ ಚಿಕ್ಕದು, ಆದರೆ ಸದ್ದು ಚಿಕ್ಕದಲ್ಲ. ಒಳಗೆ ಹಳೇ ಬಟ್ಟೆ ತುರುಕಿ ನೋಡಿದೆ. ಸದ್ದು ಕಡಿಮೆಯಾಯಿತು, ಸ್ವರವೂ ಸತ್ತುಹೋಯಿತು. ಹಾಗಾದರೆ ಪೆಟ್ಟಿಗೆಯೇ ಇಲ್ಲದ ಉಕುಲೆಲೆ ಮಾಡೋಣ ಅಂದುಕೊಂಡೆ. ಗಟ್ಟಿ ಮರದ ಮೈ, ಒಳಗೆ ತಂತಿಯ ಅಲುಗಾಟವನ್ನು ವಿದ್ಯುತ್ತಾಗಿಸುವ ಪಿಕಪ್, ಕಿವಿಗೆ ಹೆಡ್‌ಫೋನ್.

ಮರ ಮನೆಯಲ್ಲೇ ಇತ್ತು. ಅಮ್ಮ ಕುಂದಾಪುರದಿಂದ ಬರುವಾಗ ಎರಡು ಹಲಸಿನ ಮಣೆ ತಂದಿದ್ದರು. ಒಂದರ ಕಾಲುಪಟ್ಟಿ ಕಿತ್ತುಹೋಗಿ ಲಾಫ್ಟಿನಲ್ಲಿ ಬಿದ್ದಿತ್ತು. ವೀಣೆ ಮಾಡುವುದು ಹಲಸಿನ ಮರದಲ್ಲಿ, ಮೃದಂಗಕ್ಕೂ ಅದೇ ಮರ. ಒಂದೂಕಾಲು ಇಂಚು ದಪ್ಪದ, ವರ್ಷಗಟ್ಟಲೆ ಒಣಗಿದ ಹಲಸು ಕೈಗೆ ಸಿಕ್ಕಿದ ಮೇಲೆ ಇನ್ನೇನು ಬೇಕು? ಕೇಳಿದಾಗ ಅಮ್ಮ ನನ್ನ ಮುಖ ನೋಡಿ, “ಮಣೆಗೆ ತಂತಿ ಕಟ್ತ್ಯಾ ಮಗಾ?” ಅಂದರು. ಆಮೇಲೆ ಅವರೇ ಧೂಳು ಒರೆಸಿ ಕೊಟ್ಟರು.

ಗಟ್ಟಿ ಮರದಲ್ಲಿ ವಾದ್ಯವಾ ಅಂತ ಕೆಲವರು ಕೇಳಿದರು. ಅಮೆರಿಕದಲ್ಲಿ ಗಿಟಾರ್ ವಾದಕ ಲೆಸ್ ಪಾಲ್ 1940ರ ಸುಮಾರಿಗೆ ನಾಲ್ಕಿಂಚಿನ ಚೌಕ ದಿಮ್ಮಿಗೇ ತಂತಿ ಬಿಗಿದು ನುಡಿಸಿದ್ದರು. ಅದಕ್ಕೂ ಮುಂಚೆ, 1932ರಲ್ಲಿ ಮಾರುಕಟ್ಟೆಗೆ ಬಂದ ರಿಕನ್‌ಬ್ಯಾಕರ್ ಎಲೆಕ್ಟ್ರಿಕ್ ಗಿಟಾರಿಗೆ ಜನ ಇಟ್ಟ ಹೆಸರು ‘ಫ್ರೈಯಿಂಗ್ ಪ್ಯಾನ್’, ನಮ್ಮ ಕಾವಲಿ. ಎರಕದ ಅಲ್ಯೂಮಿನಿಯಂ ಮೈ, ದುಂಡಗೆ, ಉದ್ದ ಹಿಡಿಯ ಹಾಗೆ ಕುತ್ತಿಗೆ. ನನಗೆ ತುಂಬ ಇಷ್ಟವಾದ ಸಂಗತಿ ಏನೆಂದರೆ ಅದು ಹವಾಯಿ ಸಂಗೀತಕ್ಕಾಗಿ, ತೊಡೆಯ ಮೇಲೆ ಇಟ್ಟು ನುಡಿಸಲು ಮಾಡಿದ್ದು. ಉಕುಲೆಲೆಯ ಊರೂ ಹವಾಯಿಯೇ ಅಲ್ವಾ? 1879ರಲ್ಲಿ ರಾವೆನ್ಸ್‌ಕ್ರಾಗ್ ಎಂಬ ಹಡಗಿನಲ್ಲಿ ಮಡೈರಾ ದ್ವೀಪದ ಪೋರ್ಚುಗೀಸರು ಕಬ್ಬಿನ ತೋಟದ ಕೆಲಸಕ್ಕೆ ಅಲ್ಲಿಗೆ ಹೋದರು. ಅವರು ಒಯ್ದ ಪುಟ್ಟ ತಂತಿವಾದ್ಯವೇ ಅಲ್ಲಿನ ಮಣ್ಣಲ್ಲಿ ಉಕುಲೆಲೆ ಆಯಿತು.

ಅಳತೆಗೆ ಬರುತ್ತೇನೆ. ನಾನು ಸೊಪ್ರಾನೊಗಿಂತ ದೊಡ್ಡದಾದ ಟೆನರ್ ಅಳತೆ ಆರಿಸಿದೆ, ತಂತಿಯ ಉದ್ದ 432 ಮಿಲಿಮೀಟರ್. ಸೊಪ್ರಾನೊದಲ್ಲಿ ನನ್ನ ಬೆರಳು ಒಂದರ ಮೇಲೊಂದು ಬೀಳುತ್ತಿದ್ದವು. ಫ್ರೆಟ್ ಅನ್ನುವುದನ್ನು ನಾವು ವೀಣೆಯವರ ಹಾಗೆ ಮೆಟ್ಟಿಲು ಅನ್ನೋಣ. ಮೆಟ್ಟಿಲು ಎಲ್ಲೆಲ್ಲಿ ಬರಬೇಕು ಎನ್ನುವುದಕ್ಕೆ ಒಂದು ಸಂಖ್ಯೆ ಇದೆ: 17.817. ತಂತಿಯ ಉದ್ದವನ್ನು ಅದರಿಂದ ಭಾಗಿಸಿದರೆ ಮೊದಲ ಮೆಟ್ಟಿಲಿನ ದೂರ, 24.25 ಮಿಲಿಮೀಟರ್. ಉಳಿದ ಉದ್ದವನ್ನು ಮತ್ತೆ ಅದರಿಂದಲೇ ಭಾಗಿಸಿದರೆ ಎರಡನೆಯದು. ಹೀಗೇ ಹೋದರೆ ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, 216ಕ್ಕೆ ಬಂದು ನಿಲ್ಲಬೇಕು. ನಿಲ್ಲದಿದ್ದರೆ ಲೆಕ್ಕ ತಪ್ಪಿದೆ ಅಂತ ಅರ್ಥ. ಒಂದು ಮಾತು: ಪ್ರತಿ ಗುರುತನ್ನೂ ಮೇಲ್ತುದಿಯಿಂದಲೇ ಅಳೆಯಿರಿ. ಒಂದರಿಂದ ಇನ್ನೊಂದಕ್ಕೆ ಅಳೆಯುತ್ತಾ ಹೋದರೆ ಚಿಕ್ಕ ಚಿಕ್ಕ ತಪ್ಪುಗಳು ಕೂಡಿಕೊಂಡು ಕೊನೆಗೆ ಅಪಸ್ವರ ಆಗುತ್ತದೆ. ವೀಣೆಯವರು ಮೇಣದಲ್ಲಿ ಮೆಟ್ಟಿಲು ಕೂರಿಸಿ ಕಿವಿಯಿಂದ ಸರಿಮಾಡಿಕೊಳ್ಳುತ್ತಾರೆ. ನಮಗೆ ಆ ಅವಕಾಶ ಇಲ್ಲ, ಗರಗಸ ಇಟ್ಟ ಜಾಗವೇ ಕೊನೆ.

ಕುತ್ತಿಗೆಗೆ ರೇ ರೋಡಿನ ಕಡೆ ಹಳೇ ಮರ ಮಾರುವವರ ಹತ್ತಿರ ಸಾಗುವಾನಿ ಬಾಗಿಲ ಚೌಕಟ್ಟಿನ ತುಂಡು ಸಿಕ್ಕಿತು. ನಮ್ಮ ಬಿಲ್ಡಿಂಗಿನಲ್ಲಿ ಕೆಲಸಕ್ಕೆ ಬಂದಿದ್ದ ಬಡಗಿ ಮಿಸ್ತ್ರಿ ಅದನ್ನು ಸೀಳಿ ರಂದಾ ಹೊಡೆದುಕೊಟ್ಟರು. ಉಳಿದದ್ದೆಲ್ಲ ಬಾಲ್ಕನಿಯಲ್ಲಿ ಭಾನುವಾರಗಳಂದು ನಾನೇ ಮಾಡಿದ್ದು. ಮಣೆಗೆ ಮೊದಲ ಸಲ ಗರಗಸ ಹಾಕಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮೇಲೆ ಬೆಲ್ಲದ ಹಾಗೆ ಕಂದು. ಕೊಯ್ದ ಕಡೆ ಅರಸಿನದ ಹಾಗೆ ಹಳದಿ. ಇಷ್ಟು ವರ್ಷ ಆದರೂ ಒಳಗೆ ಅದೇ ಬಣ್ಣ. ಅಮ್ಮ ಬಂದು ಆ ಹಳದಿ ಪುಡಿಯನ್ನು ಬೆರಳಲ್ಲಿ ತೆಗೆದು ಮೂಸಿ ನೋಡಿದರು.

ಮೆಟ್ಟಿಲಿನ ಗೀಟು ಕೊರೆಯಲು ಸಾದಾ ಹ್ಯಾಕ್ಸಾ ಬ್ಲೇಡ್ ಸಾಲದು. ಅದರ ಹಲ್ಲು ಎರಡೂ ಕಡೆ ಬಾಗಿರುತ್ತದೆ, ಗೀಟು ಅಗಲವಾಗಿ ಫ್ರೆಟ್ ತಂತಿ ಸಡಿಲ ಕೂರುತ್ತದೆ. ಬ್ಲೇಡಿನ ಎರಡೂ ಬದಿಯನ್ನು ಎಣ್ಣೆಕಲ್ಲಿನ ಮೇಲೆ ಮಲಗಿಸಿ ಉಜ್ಜಿದೆ. ಬೇಡದ ಮರದ ಮೇಲೆ ಕೊರೆದು, ಫ್ರೆಟ್ ತಂತಿ ತುರುಕಿ, ಮತ್ತೆ ಉಜ್ಜಿ ನೋಡಿದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ‘ಟಕ್ ಟಕ್’ ಅನ್ನುವ ಸದ್ದು ‘ಟಣ್’ ಅಂತ ಬದಲಾದರೆ ಪೂರ್ತಿ ಕೂತಿದೆ ಅಂತ ಗೊತ್ತಾಗುತ್ತದೆ. ಬಿರಡೆಗಳು ಗಿಟಾರಿನವು. ಮೈಮೇಲೆ ತಂತಿಗಳನ್ನು ಹೊರುವ ಕುದುರೆಯನ್ನು 432ಕ್ಕಿಂತ ಎರಡು ಮಿಲಿಮೀಟರ್ ಹಿಂದೆ ಇಟ್ಟೆ, ಯಾಕೆಂದರೆ ಬೆರಳಲ್ಲಿ ಒತ್ತಿದಾಗ ತಂತಿ ಸ್ವಲ್ಪ ಬಿಗಿದು ಶ್ರುತಿ ಏರುತ್ತದೆ.

ಈಗ ವಿದ್ಯುತ್ತಿನ ಭಾಗ. ನೈಲಾನ್ ತಂತಿಗೆ ಗಿಟಾರಿನ ಅಯಸ್ಕಾಂತದ ಪಿಕಪ್ ಕೆಲಸ ಮಾಡುವುದಿಲ್ಲ, ಅದಕ್ಕೆ ಕಬ್ಬಿಣವೇ ಬೇಕು. ನೈಲಾನಿಗೆ ಪಿಯೆಜೊ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಅಂತ 1880ರಲ್ಲಿ ಕ್ಯೂರಿ ಸಹೋದರರು ತೋರಿಸಿದ್ದರು. ಅದೇ ಗುಣದ ಬಜರ್ ಬಿಲ್ಲೆ, 27 ಮಿಲಿಮೀಟರಿನದು, ಲ್ಯಾಮಿಂಗ್ಟನ್ ರೋಡಿನಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಗ್ರಾಂಟ್ ರೋಡ್ ಸ್ಟೇಷನ್ ಇಳಿದು ನಡೆದರೆ ಆಯಿತು. ಬೆಸುಗೆ ಹಾಕುವಾಗ ಮಾತ್ರ ಕೈ ಚುರುಕಾಗಿರಬೇಕು. ನಡುವಿನ ಬಿಳಿ ಭಾಗದ ಮೇಲಿನ ಬೆಳ್ಳಿ ಲೇಪ ತುಂಬ ತೆಳು, ಕಾದ ಮೊನೆ ಜಾಸ್ತಿ ಹೊತ್ತು ಇಟ್ಟರೆ ಎದ್ದು ಬರುತ್ತದೆ. ಮೂರು ಬಿಲ್ಲೆ ಹೀಗೆ ಹೋದವು.

ಕುದುರೆಯ ಕೆಳಗೆ ಉಳಿಯಿಂದ ಗುಳಿ ತೆಗೆದು ಬಿಲ್ಲೆ ಕೂರಿಸಿ, ತಂತಿ ಬಿಗಿದು, ಕಂಪ್ಯೂಟರ್ ಸ್ಪೀಕರಿಗೆ ನೇರ ಸಿಕ್ಕಿಸಿದೆ. ಬಂದ ಸ್ವರ ತಗಡಿನ ಡಬ್ಬಿ ಬಡಿದ ಹಾಗಿತ್ತು. ಬಹಳ ಜನ ಇಲ್ಲಿಗೇ ಕೈಬಿಟ್ಟು ‘ಪಿಯೆಜೊ ಚೆನ್ನಾಗಿಲ್ಲ’ ಅನ್ನುತ್ತಾರೆ. ತಪ್ಪು ಬಿಲ್ಲೆಯದಲ್ಲ. ಬಿಲ್ಲೆ ಒಂದು ಪುಟ್ಟ ಕೆಪಾಸಿಟರ್, ಸುಮಾರು 20 ನ್ಯಾನೊಫ್ಯಾರಡ್. ಮುಂದಿನ ಸರ್ಕ್ಯೂಟಿನ ತಡೆ 10 ಕಿಲೊ ಓಮ್ ಇದ್ದರೆ 800 ಹರ್ಟ್ಜ್‌ಗಿಂತ ಕೆಳಗಿನ ಸ್ವರವೆಲ್ಲ ಸೋರಿಹೋಗುತ್ತದೆ. ಜಿ, ಸಿ, ಇ, ಎ ಎಂಬ ನಮ್ಮ ನಾಲ್ಕು ತಂತಿಯಲ್ಲಿ ಎಲ್ಲಕ್ಕಿಂತ ಎತ್ತರದ ಎ 440, ತಗ್ಗಿನ ಸಿ 262 ಹರ್ಟ್ಜ್. ಅಂದರೆ ಬಿಟ್ಟ (ಬೆರಳು ಒತ್ತದ) ತಂತಿಯ ಮೂಲ ಸ್ವರ ನಾಲ್ಕರದ್ದೂ ಸೊರಗುತ್ತದೆ, ಮೇಲಿನ ಕಿರುಚಾಟ ಮಾತ್ರ ಉಳಿಯುತ್ತದೆ. ತಡೆಯನ್ನು 1 ಮೆಗಾ ಓಮ್ ಮಾಡಿದರೆ ಆ ಗಡಿ 8 ಹರ್ಟ್ಜ್‌ಗೆ ಇಳಿಯುತ್ತದೆ.

ಅದಕ್ಕೇ ನಡುವೆ ಟಿಎಲ್072 ಎಂಬ ಐಸಿಯ ಪುಟ್ಟ ಪ್ರೀಆಂಪ್ (ಹೆಚ್ಚು ತಡೆಯ ಮುಂಗಡ ಆಂಪ್ಲಿಫೈಯರ್) ಹಾಕಿದೆ. ಒಳಗೆ 9 ವೋಲ್ಟಿನ ಬ್ಯಾಟರಿ. ಸ್ಟೀರಿಯೊ ಸಾಕೆಟ್ ಹಾಕಿ ಬ್ಯಾಟರಿಯ ಋಣ ತಂತಿಯನ್ನು ಅದರ ನಡುವಿನ ಕಾಲಿಗೆ ಕೊಟ್ಟರೆ ಸ್ವಿಚ್ಚೇ ಬೇಡ, ಮೊನೊ ಪಿನ್ ಸಿಕ್ಕಿಸಿದಾಗ ಮಾತ್ರ ಬ್ಯಾಟರಿ ಚಾಲೂ. ಅಲ್ಲಿಂದ ಹೊರಗಿನ ಡಬ್ಬಿಗೆ, ಡಬ್ಬಿಯೊಳಗಿನ ಎಲ್‌ಎಂ386 ಎಂಬ ಆಂಪ್ಲಿಫೈಯರ್ ಐಸಿಯಿಂದ ಹೆಡ್‌ಫೋನಿಗೆ. ಡಬ್ಬಿ ಮೊದಲು ಪ್ಲಾಸ್ಟಿಕ್ಕಿನ ಸೋಪಿನದಿತ್ತು, ಕರೆಂಟಿನ 50 ಹರ್ಟ್ಜ್ ಗುಂಯ್‌ಗುಡುವಿಕೆ ತಡೆಯಲಾಗಲಿಲ್ಲ. ಸ್ಟೀಲಿನ ಮಸಾಲೆ ಡಬ್ಬಿಗೆ ಬದಲಿಸಿ, ಡಬ್ಬಿಯನ್ನೇ ಗ್ರೌಂಡಿಗೆ ಸೇರಿಸಿದೆ. ಮಣೆಯ ಗುಳಿಗೂ ಒಳಗಿಂದ ತಾಮ್ರದ ಟೇಪು ಅಂಟಿಸಿದೆ. ಗುಂಯ್‌ ನಿಂತಿತು.

ಆ ರಾತ್ರಿ ಹನ್ನೊಂದಕ್ಕೆ ಹೆಡ್‌ಫೋನ್ ಹಾಕಿಕೊಂಡು ಒಂದು ತಂತಿ ಮೀಟಿದೆ. ಹೊರಗೆ ಫ್ಯಾನಿನ ಸದ್ದಿಗಿಂತ ಕಡಿಮೆ. ಕಿವಿಯೊಳಗೆ ತುಂಬಿದ, ಉದ್ದನೆಯ ಸ್ವರ. ಗಟ್ಟಿ ಮರ ತಂತಿಯ ಶಕ್ತಿಯನ್ನು ಪೆಟ್ಟಿಗೆಯ ಹಾಗೆ ಬೇಗ ಗಾಳಿಗೆ ಚೆಲ್ಲುವುದಿಲ್ಲ, ಸ್ವರ ನಿಲ್ಲುತ್ತದೆ. ಮಗಳು ನಿದ್ದೆಯಿಂದೆದ್ದು ಬಂದು “ಅಪ್ಪಾ, ನಂಗೂ” ಅಂತ ಒಂದು ಕಿವಿಯ ಹೆಡ್‌ಫೋನ್ ಕಿತ್ತುಕೊಂಡಳು.

ಎರಡನೆಯ ಉಕುಲೆಲೆಗೆ ಕಾರಣ ನಮ್ಮ ಗಲ್ಲಿಯ ಗಣಪತಿ. ಮುಂಬಯಿಯ ಮೆರವಣಿಗೆಯಲ್ಲಿ ಬರುವ ಬ್ಯಾಂಜೋ ಪಾರ್ಟಿ ನೋಡಿದ್ದೀರಾ? ಅದು ಚರ್ಮ ಬಿಗಿದ ಅಮೆರಿಕದ ಬ್ಯಾಂಜೋ ಅಲ್ಲ, ಬುಲ್‌ಬುಲ್ ತರಂಗ್. ಟೈಪ್‌ರೈಟರಿನ ಹಾಗೆ ಕೀ ಒತ್ತುತ್ತಾ ಉಕ್ಕಿನ ತಂತಿ ಮೀಟುತ್ತಾರೆ. ಅದಕ್ಕೆ ಪಿಕಪ್ ಕೂರಿಸಿ ಇಡೀ ಬೀದಿಗೆ ಕೇಳಿಸುತ್ತಾರೆ. ನುಡಿಸುವ ಒಬ್ಬರು ನನ್ನ ಆಸಕ್ತಿ ಕಂಡು ಮುಚ್ಚಳ ಬಿಚ್ಚಿ ಸುರುಳಿ ತೋರಿಸಿದರು. ಅಯಸ್ಕಾಂತ, ಸುತ್ತಲೂ ಕೂದಲಿಗಿಂತ ತೆಳ್ಳಗಿನ ತಾಮ್ರ. ಮೇಲೆ ಉಕ್ಕಿನ ತಂತಿ ಅಲುಗಿದಾಗ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಇದನ್ನು ಮನೆಯಲ್ಲಿ ಸುತ್ತಬಹುದು ಅಂತ ಅವತ್ತೇ ಅನ್ನಿಸಿತು.

ಗಿಟಾರ್ ಪಿಕಪ್‌ಗಳಿಗೆ 42 ನಂಬರ್ ತಂತಿ ಅಂತ ಓದಿದ್ದೆ. ಲ್ಯಾಮಿಂಗ್ಟನ್ ರೋಡಿನಲ್ಲಿ 42 ನಂಬರ್ ಕೇಳಿದೆ, ತೂಕ ಮಾಡಿ ಕೊಟ್ಟರು. 2200 ಸುತ್ತಿಗೇ ಬಾಬಿನ್ ತುಂಬಿಹೋಯಿತು. ಮಲ್ಟಿಮೀಟರ್ 500 ಓಮ್ ಚಿಲ್ಲರೆ ತೋರಿಸಿತು, ಸ್ವರ ಕೇಳಿಸುವಷ್ಟೂ ಇಲ್ಲ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು: ಅಮೆರಿಕದ ಅಳತೆಯ 42 ಅಂದರೆ 0.063 ಮಿಲಿಮೀಟರ್. ನಮ್ಮ ಅಂಗಡಿಗಳಲ್ಲಿ ನಡೆಯುವುದು ಬ್ರಿಟಿಷ್ ಎಸ್‌ಡಬ್ಲ್ಯುಜಿ, ಅದರಲ್ಲಿ 42 ಅಂದರೆ 0.1 ಮಿಲಿಮೀಟರ್. ನಮಗೆ ಬೇಕಾದ್ದು ಇಲ್ಲಿನ 46 ನಂಬರ್. ಇದನ್ನು ದಪ್ಪಕ್ಷರದಲ್ಲಿ ಬರೆದಿಟ್ಟುಕೊಳ್ಳಿ.

ಸುತ್ತಿದ್ದು ಹೆಂಡತಿಯ ಹೊಲಿಗೆ ಮೆಷಿನಿನ ಬಾಬಿನ್ ಚಕ್ರದಲ್ಲಿ. ಲೆಕ್ಕಕ್ಕೆ ಹಳೇ ಕ್ಯಾಲ್ಕುಲೇಟರ್ ಬಿಚ್ಚಿ ‘=’ ಕೀಲಿಗೆ, ಅಯಸ್ಕಾಂತ ಹತ್ತಿರ ಬಂದರೆ ಕೂಡಿಕೊಳ್ಳುವ ಒಂದು ರೀಡ್ ಸ್ವಿಚ್ ಬೆಸೆದೆ, ಚಕ್ರಕ್ಕೆ ಚಿಕ್ಕ ಅಯಸ್ಕಾಂತ ಅಂಟಿಸಿದೆ. 1+1 ಒತ್ತಿಟ್ಟರೆ ಚಕ್ರ ತಿರುಗಿದಂತೆ ಅಂಕಿ ಒಂದೊಂದೇ ಏರುತ್ತದೆ. ತಂತಿಯನ್ನು ಎರಡು ಬೆರಳ ನಡುವೆ ಬಟ್ಟೆ ಹಿಡಿದು ಬಿಡಬೇಕು. ಬಿಗಿ ಹಿಡಿದರೆ ತುಂಡಾಗುತ್ತದೆ, ಸಡಿಲ ಬಿಟ್ಟರೆ ಗಂಟಾಗುತ್ತದೆ. 4100ರಲ್ಲಿ ಒಮ್ಮೆ ತುಂಡಾಯಿತು, ಬೆಸೆದು ಮುಂದುವರಿಸಿದೆ. 6000 ಸುತ್ತಿಗೆ ನಿಲ್ಲಿಸಿದಾಗ ಮೀಟರ್ 4 ಕಿಲೊ ಓಮ್ ಹತ್ತಿರ ತೋರಿಸಿತು. ಗಿಟಾರ್ ಪಿಕಪ್ಪಿಗಿಂತ ಸ್ವಲ್ಪ ಕಡಿಮೆ, ಆದರೆ ಸ್ವರ ದುಂಡಗೆ, ಸ್ವಚ್ಛವಾಗಿ ಬಂತು. ತಂತಿಗಳು ಗಿಟಾರಿನ ತೆಳು ಸೆಟ್ಟಿನವು. ಎ ಮತ್ತು ಜಿಗೆ 10, ಇಗೆ 13, ಸಿಗೆ 17 ನಂಬರ್ (ಇಲ್ಲಿ ನಂಬರ್ ಅಂದರೆ ಇಂಚಿನ ಸಾವಿರದ ಭಾಗದ ಲೆಕ್ಕದಲ್ಲಿ ದಪ್ಪ). ನಾಲ್ಕೂ ಸೇರಿ 22 ಕಿಲೊದಷ್ಟು ಎಳೆತ, ಸಾಗುವಾನಿ ಸಲೀಸಾಗಿ ತಡೆದುಕೊಂಡಿದೆ.

ಉಕ್ಕಿನ ತಂತಿ ಬಂದ ಮೇಲೆ ನುಡಿಸುವ ರೀತಿಯೇ ಬದಲಾಯಿತು. ಸಿ ತಂತಿಯನ್ನು ಷಡ್ಜ ಮಾಡಿಕೊಂಡರೆ ಮಾಯಾಮಾಳವಗೌಳದ ಸರಳೆ ವರಸೆ ಮೊದಲ ನಾಲ್ಕು ಮೆಟ್ಟಿಲಲ್ಲೇ ಮುಗಿಯುತ್ತದೆ. ಸಿ ಬಿಟ್ಟ ತಂತಿ ಸ, ಅದರ ಒಂದನೇ ಮೆಟ್ಟಿಲು ರಿ. ಇ ಬಿಟ್ಟ ತಂತಿ ಗ, ಅದರ ಒಂದು, ಮೂರು, ನಾಲ್ಕರಲ್ಲಿ ಮ, ಪ, ದ. ಎ ತಂತಿಯ ಎರಡರಲ್ಲಿ ನಿ, ಮೂರರಲ್ಲಿ ಮೇಲಿನ ಸ. ಇನ್ನೂ ಒಂದು ಚೆಂದ ಇದೆ. ಉಕುಲೆಲೆಯ ಎಲ್ಲಕ್ಕಿಂತ ಮೇಲಿನ ಜಿ ತಂತಿ ದಪ್ಪದ್ದಲ್ಲ, ತೆಳುವಾದ ಎತ್ತರದ ಸ್ವರ. ಅದು ಪಂಚಮ. ಹೆಬ್ಬೆರಳಲ್ಲಿ ಅದನ್ನು ಆಗಾಗ ಮೀಟಿದರೆ ವೀಣೆಯ ತಾಳದ ತಂತಿಯ ಹಾಗೆ ಜೊತೆ ಕೊಡುತ್ತದೆ. ನೈಲಾನಿನಲ್ಲಿ ಎಷ್ಟು ಎಳೆದರೂ ಸ್ವರ ಅಷ್ಟಾಗಿ ಏರುವುದಿಲ್ಲ. ಉಕ್ಕಿನಲ್ಲಿ ಮೆಟ್ಟಿಲಿನ ಮೇಲೆ ತಂತಿಯನ್ನು ಅಡ್ಡ ಎಳೆದರೆ ಗಮಕ ಬರುತ್ತದೆ. ರಿಷಭವನ್ನು ಅಲುಗಾಡಿಸಿದಾಗ ಮೊದಲ ಸಲ ಅಮ್ಮ ಕೈಯಲ್ಲಿದ್ದ ಬಸಳೆ ಸೊಪ್ಪು ಬಿಟ್ಟು ತಿರುಗಿ ನೋಡಿದರು.

ಈಗ ಮಸಾಲೆ ಡಬ್ಬಿಗೆ ಎರಡು ಇನ್‌ಪುಟ್, ಎರಡು ಹೆಡ್‌ಫೋನ್ ಸಾಕೆಟ್ ಮಾಡಿದ್ದೇನೆ. ಮಗಳು ಮಣೆಯದ್ದರಲ್ಲಿ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಹಿಡಿಯುತ್ತಾಳೆ, ನಾನು ಉಕ್ಕಿನದ್ದರಲ್ಲಿ ಸ್ವರ ನುಡಿಸುತ್ತೇನೆ. ಶನಿವಾರ ರಾತ್ರಿ ಹನ್ನೆರಡಾದರೂ ಏಳುವುದಿಲ್ಲ. ಪಕ್ಕದ ಮನೆಯ ಕಾಕಾ ಮೊನ್ನೆ ಲಿಫ್ಟಿನಲ್ಲಿ ಸಿಕ್ಕಾಗ, “ನೀವು ಈಗ ವಾದ್ಯ ನುಡಿಸುವುದೇ ಬಿಟ್ಟಿರಾ?” ಅಂತ ಬೇಸರದಲ್ಲಿ ಕೇಳಿದರು. ಈ ಭಾನುವಾರ ಬೆಳಿಗ್ಗೆ ಅವರಿಗೆ ನಮ್ಮಲ್ಲೇ ದೋಸೆ. ಹೆಡ್‌ಫೋನ್ ಬಿಟ್ಟು ಸ್ಪೀಕರ್ ಹಚ್ಚುತ್ತೇವೆ.