ಲಿಂಕ್ ಪದೇ ಪದೇ ಬೀಳುತ್ತಿತ್ತು: ಲಿನಕ್ಸ್‌ನಲ್ಲಿ ನಾನು ಸರಿಮಾಡಿದ್ದು ಹೀಗೆ

ಎರಡು ವಾರ ಈ ತೊಂದರೆ ನನ್ನನ್ನು ತುಂಬಾ ಕಾಡಿತು. ದೊಡ್ಡ ಫೈಲ್ ಕಾಪಿ ಮಾಡಲು ಹೊರಟರೆ ಸಾಕು, ನಡುವೆ ಲಿಂಕ್, ಅಂದರೆ ಕೇಬಲ್ ಮೂಲಕ ಇರುವ ಸಂಪರ್ಕ, ಬಿದ್ದು ನೆಟ್‌ವರ್ಕ್ ನಿಂತುಬಿಡುತ್ತಿತ್ತು. ಮೂರ್ನಾಲ್ಕು ಸೆಕೆಂಡಿನಲ್ಲಿ ತಾನೇ ವಾಪಸ್ ಬರುತ್ತಿತ್ತು. ಕರ್ನಲ್ (ಲಿನಕ್ಸ್‌ನ ತಿರುಳು ಭಾಗ) ಬರೆದಿಡುವ ಲಾಗ್ ತೆರೆದರೆ ‘ಲಿಂಕ್ ಈಸ್ ಡೌನ್’, ‘ಲಿಂಕ್ ಈಸ್ ಅಪ್’ ಅನ್ನೋ ಸಾಲುಗಳೇ ತುಂಬಿದ್ದವು.

ಮೊದಲು ನೆಟ್‌ವರ್ಕ್ ಕಾರ್ಡನ್ನು ನಡೆಸುವ ಡ್ರೈವರ್ ಮೇಲೆ ಅನುಮಾನ ಬಂತು. ಡ್ರೈವರ್ ಕರ್ನಲ್ ಜೊತೆಗೇ ಬರುವುದರಿಂದ ಕರ್ನಲ್ ಅಪ್‌ಡೇಟ್ ಮಾಡಿದೆ, ಏನೂ ಬದಲಾಗಲಿಲ್ಲ.

ಆಮೇಲೆ ಲಾಗನ್ನು ನಿಧಾನವಾಗಿ ಓದಿದಾಗ ಸುಳಿವು ಸಿಕ್ಕಿತು. ಲಿಂಕ್ ಒಮ್ಮೆ 1000 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ವೇಗದಲ್ಲಿ ಬರುತ್ತಿತ್ತು, ಇನ್ನೊಮ್ಮೆ 100ರಲ್ಲಿ. 100ರ ವೇಗಕ್ಕೆ ಕೇಬಲ್‌ನ ಎರಡು ಜೋಡಿ ತಂತಿ ಸಾಕು. ಗಿಗಾಬಿಟ್‌ಗೆ, ಅಂದರೆ 1000ಕ್ಕೆ, ನಾಲ್ಕೂ ಜೋಡಿ ಬೇಕೇ ಬೇಕು. ಅಂದರೆ ಉಳಿದ ಎರಡು ಜೋಡಿಯಲ್ಲೇ ಏನೋ ಇದೆ, ಅಲ್ವಾ?

ಖಚಿತ ಮಾಡಿಕೊಳ್ಳಲು, ಕಾರ್ಡ್‌ನ ಸೆಟ್ಟಿಂಗ್ ಬದಲಿಸುವ ಈಥ್‌ಟೂಲ್ ಅನ್ನೋ ಕಮಾಂಡ್‌ನಿಂದ ಕಾರ್ಡ್ 100ಕ್ಕಷ್ಟೇ ಒಪ್ಪುವಂತೆ ಮಾಡಿದೆ. ಆಟೋ ನೆಗೋಷಿಯೇಷನ್ (ಎರಡೂ ತುದಿ ತಾವೇ ವೇಗ ಒಪ್ಪಿಕೊಳ್ಳುವ ವ್ಯವಸ್ಥೆ) ಮಾತ್ರ ಆಫ್ ಮಾಡಲಿಲ್ಲ. ಒಂದೇ ಕಡೆ ಆಫ್ ಮಾಡಿದರೆ ಡ್ಯೂಪ್ಲೆಕ್ಸ್ (ಕಳಿಸುವುದು, ಪಡೆಯುವುದು ಒಟ್ಟಿಗೋ ಸರದಿಯಲ್ಲೋ ಅನ್ನೋದು) ಹೊಂದದೆ ಸುಮ್ನೆ ಇನ್ನೊಂದು ತಲೆನೋವು ಶುರುವಾಗುತ್ತದೆ. ಇಡೀ ರಾತ್ರಿ ಫೈಲ್ ಕಾಪಿ ಆಯಿತು, ಲಿಂಕ್ ಒಮ್ಮೆಯೂ ಬೀಳಲಿಲ್ಲ.

ಬೆಳಿಗ್ಗೆ ಕೇಬಲ್ ತೆಗೆದು ಟಾರ್ಚ್ ಬೆಳಕಿನಲ್ಲಿ ಪ್ಲಗ್ ನೋಡಿದೆ. ಎಂಟು ಪಿನ್‌ಗಳಲ್ಲಿ ಏಳನೆಯದು ಕೂದಲೆಳೆಯಷ್ಟು ಮೇಲೆ ನಿಂತಿತ್ತು. ಬಿಳಿ-ಕಂದು ತಂತಿಗೆ ಅದು ಸರಿಯಾಗಿ ಕಚ್ಚಿರಲೇ ಇಲ್ಲ. ತುದಿ ಕತ್ತರಿಸಿ ಹೊಸ ಪ್ಲಗ್ ಹಾಕಿ ಕ್ರಿಂಪ್ ಮಾಡಿದೆ (ಇಕ್ಕಳದಿಂದ ಒತ್ತಿ ಕೂರಿಸಿದೆ), ಈಥ್‌ಟೂಲ್ ಸೆಟ್ಟಿಂಗ್ ಹಿಂದಿನಂತೆ ಮಾಡಿದೆ.

ಲಿಂಕ್ ಎಷ್ಟು ಸಲ ಬದಲಾಯಿತು ಅಂತ ಕರ್ನಲ್ ತಾನೇ ಎಣಿಸುತ್ತದೆ. ಸರಿಮಾಡಿದ ಮೇಲೆ ಬೂಟ್ ಆದಾಗ ಆ ಎಣಿಕೆ 2 ಇತ್ತು. ಹತ್ತು ದಿನ ಆಯಿತು, ಈಗಲೂ 2.