ಟ್ರಿಕೊ ಮಾತು ಕೇಳದಿದ್ದಾಗ: ‘ದಿ ಲಾಸ್ಟ್ ಗಾರ್ಡಿಯನ್’ ಆಡುವ ಬಗೆ

ಫುಮಿತೊ ಉಯೆದಾ ನಿರ್ದೇಶಿಸಿದ, 2016ರ ಡಿಸೆಂಬರ್‌ನಲ್ಲಿ ಪ್ಲೇಸ್ಟೇಷನ್ 4ಕ್ಕೆ ಬಂದ ‘ದಿ ಲಾಸ್ಟ್ ಗಾರ್ಡಿಯನ್’ ವಿಡಿಯೊ ಆಟವನ್ನು ಅರ್ಧಕ್ಕೇ ಕೈಬಿಟ್ಟ ಚಿತ್ರದುರ್ಗದ ನನ್ನ ಗೆಳೆಯರೆಲ್ಲರ ದೂರು ಒಂದೇ: ನಾಯಿ, ಬೆಕ್ಕು, ಹಕ್ಕಿ ಮೂರೂ ಬೆರೆತಂತಿರುವ ಟ್ರಿಕೊ ಎಂಬ ಆ ದೈತ್ಯಪ್ರಾಣಿ ಹೇಳಿದ ಮಾತು ಕೇಳುವುದಿಲ್ಲ. ದೂರು ಸುಳ್ಳಲ್ಲ. ಆದರೆ ನಮ್ಮ ಹಿಡಿತದಲ್ಲಿರುವುದು ಕಥೆಯಲ್ಲಿ ಅದರ ಜೊತೆಗಿರುವ ಹುಡುಗ ಮಾತ್ರ, ಟ್ರಿಕೊ ಅಲ್ಲ ಎಂಬುದನ್ನು ಒಪ್ಪಿಕೊಂಡು ಆಡಿದರೆ ಆ ದೂರಿನ ಬಹುಪಾಲು ಕರಗಿಹೋಗುತ್ತದೆ.

ಆರಂಭದಲ್ಲಿ ಟ್ರಿಕೊ ಗಾಯಗೊಂಡು ಸರಪಳಿಯಲ್ಲಿ ಬಿದ್ದಿರುತ್ತದೆ. ಹೊಳೆಯುವ ಆಹಾರದ ಪೀಪಾಯಿಯನ್ನು ಅದರ ಮುಂದಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಲ್ಲಿ. ಪಕ್ಕದಲ್ಲೇ ಕಾದು ನಿಂತರೆ ಅದು ಬಾಯಿ ಹಾಕಲು ಹಿಂಜರಿಯುತ್ತದೆ. ಅದರ ಮೈಗೆ ನೆಟ್ಟ ಈಟಿ ಕೀಳುವಾಗ ನೋವಿಗೆ ಹುಡುಗನನ್ನು ಕೊಡವಿ ಎಸೆದರೆ ನಿಮ್ಮ ಆಟ ಕೆಟ್ಟಿತೆಂದು ತಿಳಿಯಬೇಡಿ, ಕಥೆ ಇರುವುದೇ ಹಾಗೆ.

ಕಂಟ್ರೋಲರ್‌ನ ಆರ್1 ಗುಂಡಿ ಒತ್ತಿದರೆ ಹುಡುಗ ಟ್ರಿಕೊವನ್ನು ಕರೆಯುತ್ತಾನೆ, ಮುಂದೆ ಅದರೊಂದಿಗೆ ಬೇರೆ ಗುಂಡಿ ಸೇರಿಸಿ ನೆಗೆಯಲು, ಹೊಡೆಯಲು ಸೂಚಿಸಬಹುದು. ಹೆಚ್ಚಿನವರು ಎಡವುವುದು ಇಲ್ಲಿಯೇ, ನಾನೂ ಎಡವಿದ್ದೆ. ಅದರ ಬೆನ್ನ ಮೇಲೆ ಕುಳಿತು, ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಎಂದು ಇಪ್ಪತ್ತು ನಿಮಿಷ ಗುಂಡಿ ಕುಟ್ಟಿ, ಕೊನೆಗೆ ಸಿಟ್ಟಿನಿಂದ ಕಂಟ್ರೋಲರ್ ಕೆಳಗಿಟ್ಟ ಮೇಲೆ ಅದು ನಿಧಾನವಾಗಿ ತಲೆಯೆತ್ತಿ, ಮೇಲಿನ ಗೋಡೆಯಂಚನ್ನು ದಿಟ್ಟಿಸಿ, ಹಿಂಗಾಲು ಮಡಿಸಿ ನೆಗೆಯಿತು. ಚಳ್ಳಕೆರೆ ಕಡೆ ಮ್ಯಾಸಬೇಡರ ದೇವರ ಎತ್ತುಗಳನ್ನು ಕಾಯುವ ಕಿಲಾರಿಯೊಬ್ಬರನ್ನು ನೋಡಿದಾಗ ಆ ಇಪ್ಪತ್ತು ನಿಮಿಷ ನೆನಪಾಗಿ ನಾಚಿಕೆಯಾಯಿತು: ಅವರು ಒಂದೇ ಸಲ ಕೂಗಿ ಸುಮ್ಮನೆ ನಿಂತರು, ಎತ್ತಿನ ಕಿವಿ ಮೊದಲು ತಿರುಗಿತು, ಕೊರಳು ಆಮೇಲೆ, ಕಾಲು ಕೊನೆಗೆ. ಟ್ರಿಕೊವಿನದೂ ಇದೇ ಕ್ರಮ. ಆದ್ದರಿಂದ ಹೋಗಬೇಕಾದ ದಿಕ್ಕಿಗೆ ಹುಡುಗನನ್ನು ತಿರುಗಿಸಿ, ಒಮ್ಮೆ ಸೂಚಿಸಿ, ಅದರ ಕಿವಿ ಮತ್ತು ನೋಟವನ್ನು ಗಮನಿಸಿ. ಅದು ನೋಡಬೇಕಾದ ಕಡೆಗೇ ನೋಡುತ್ತಿದ್ದರೆ ಮತ್ತೆ ಒತ್ತಬೇಡಿ.

ಆಟದ ದೃಶ್ಯ ತೋರಿಸುವ ಕ್ಯಾಮೆರಾ ಮೂಲೆಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಅದಕ್ಕೆ ಮದ್ದಿಲ್ಲ.

ಕವಚಧಾರಿ ಸೈನಿಕರು ಹುಡುಗನನ್ನು ಎತ್ತಿಕೊಂಡು ಹೊರಟರೆ ಗುಂಡಿಗಳನ್ನು ಬೇಗಬೇಗ ಒತ್ತಿ ಬಿಡಿಸಿಕೊಳ್ಳಿ, ಆದರೆ ಒಬ್ಬರೇ ಗೆಲ್ಲುವ ಹಟ ಬೇಡ. ಟ್ರಿಕೊ ಇರುವ ಕಡೆಗೆ ಓಡಿ. ಕಾಳಗ ಮುಗಿದ ಮೇಲೂ ಅದು ಕೆರಳಿಯೇ ಇರುವುದರಿಂದ ಬೆನ್ನೇರಿ, ನೆಟ್ಟ ಈಟಿಗಳನ್ನೆಲ್ಲ ಕಿತ್ತು, ಶಾಂತವಾಗುವವರೆಗೆ ಸವರಿರಿ. ಇದನ್ನು ಬಿಟ್ಟು ಮುಂದೋಡುವವರೇ ಆಮೇಲೆ ಅದು ಮಾತು ಕೇಳುವುದಿಲ್ಲ ಎಂದು ಗೊಣಗುತ್ತಾರೆ.

ಈ ಸಂಬಂಧ ಏಕಮುಖವಲ್ಲ ಎಂಬುದು ಕಣ್ಣಿನ ಆಕಾರದ ಬಣ್ಣದ ಗಾಜುಗಳು ಎದುರಾದಾಗ ಗೊತ್ತಾಗುತ್ತದೆ. ಸೈನಿಕರನ್ನು ತುಳಿದು ಪುಡಿಮಾಡುವ ಪ್ರಾಣಿ ಆ ಕಣ್ಣನ್ನು ಕಂಡು ನಡುಗಿ ನಿಲ್ಲುತ್ತದೆ, ಎಷ್ಟು ಕರೆದರೂ ಬಾರದು. ಆಗ ಹುಡುಗನೇ, ನಮ್ಮ ಕೋಟೆಯ ಒನಕೆ ಕಿಂಡಿಯಷ್ಟು ಇಕ್ಕಟ್ಟಾದ ಸಂದುಗಳಲ್ಲಿ ತೂರಿಯಾದರೂ, ಆ ಕಣ್ಣಿನ ಬಳಿಗೆ ದಾರಿ ಹುಡುಕಿ ಅದನ್ನು ಉರುಳಿಸಿ ಒಡೆಯಬೇಕು. ಗಾಜು ಚೂರಾದೊಡನೆ ಮುಂದಿನ ಬಾಗಿಲಿಗೆ ಹೊರಡದೆ, ಹಿಂದಿರುಗಿ ಟ್ರಿಕೊವಿನ ಪಕ್ಕದಲ್ಲಿ ನಿಂತು, ಆಮೇಲೆ ಒಮ್ಮೆ ಕರೆಯಿರಿ.